ಮುಳ್ಳೆದ್ದರೆ ಸುಳ್ಳು

ನಮ್ಮ ಸೋದರಮಾವನ ಮುಂದೆ ಸುಳ್ಳು ಹೇಳಿದವರು ಹೇಗೋ ಬಚಾವಾಗುತ್ತಾರೆ. ನಿಜ ಹೇಳಿದವರ ಗತಿ ಮಾತ್ರ ದೇವರಿಗೇ ಪ್ರೀತಿ! ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಮಾವ ಶಿಕಾರಿಪುರ, ಆನವಟ್ಟಿ, ಸೊರಬ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿಯೇ ಕೂದಲು ಬೆಳ್ಳಗಾದವರು. ಕಂಡಕ್ಟರಿಗಿಂತ ಹೆಚ್ಚು ಸುಳ್ಳು ಕೇಳಿದವರು ಯಾರಿದ್ದಾರೆ ಹೇಳಿ? ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಇನ್ನೂ ಶಾಲೆಗೇ ಸೇರಿಲ್ಲ ಕಣ್ರೀ" ಎನ್ನುವ ತಾಯಂದಿರು! ಮಾವ ಆ ತಾಯಿಯ ಮುಖ ಒಮ್ಮೆ, ನೆಲ ಮುಟ್ಟುವ ಹುಡುಗನ ಕಾಲು ಒಮ್ಮೆ ನೋಡಿ, ತುಟಿ ಪಿಟಕ್ಕೆನ್ನದೆ ಹಾಫ್ ಟಿಕೆಟ್ ಹರಿದು ಕೊಡುತ್ತಿದ್ದರಂತೆ.

"ಸುಳ್ಳು ಅಂತ ಗೊತ್ತಿದ್ದೂ ಯಾಕೆ ಕೊಡ್ತಿದ್ರಿ ಮಾವ?" ಎಂದು ಕೇಳಿದ್ದೆ.

"ಗೊತ್ತಾಯ್ತು ಅಂತ ಬಾಯ್ಬಿಟ್ಟು ಹೇಳ್ಬೇಕೇನೋ ಅಳಿಯ? ಆಯಮ್ಮನ್ನ ಬಿಸ್ಲಾಗೆ ಇಳ್ಸಿದ್ರೆ ಎಲ್ಲಿಗ್ ಹೋಗ್ಬೇಕು ಮಾರಾಯ?"

ಇಷ್ಟು ತಿಳಿವಳಿಕೆ ಇದ್ದ ಮನುಷ್ಯನನ್ನು ಕೆಡಿಸಿದ್ದು ಮೊಬೈಲು. ಸುಳ್ಳು ಹಿಡಿಯುವ ಯಂತ್ರದ ಬಗ್ಗೆ ಅದರಲ್ಲಿ ಏನೋ ನೋಡಿದವರೇ ಬೆಳಗಿನ ಬಸ್ಸಿಗೆ ಆನವಟ್ಟಿಯಿಂದ ನನ್ನ ಅಂಗಡಿಗೆ ಬಂದಿಳಿದರು.

ನನ್ನದು ಶಿಕಾರಿಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಎದುರಿಗೆ ಬಸ್ಸು ನಿಲ್ಲುವ ಜಾಗ, ಹಿಂದುಗಡೆ ಮನೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಆದರೆ ನಾನು ಸುತ್ತಿದ ಮೋಟಾರು ದೂರು ಹೊತ್ತು ವಾಪಸ್ಸು ಬಂದದ್ದಿಲ್ಲ. ಜಂಬ ಅನ್ನುತ್ತೀರಾ? ಅನ್ನಿ! ತಂತಿ ಸುತ್ತಿದ ಕಾಯಿಲ್ ಸುಟ್ಟಿದೆಯೋ ಇಲ್ಲವೋ ನೋಡಲು ನನ್ನ ಹತ್ತಿರ ಹಳೆಯ ಮುಳ್ಳಿನ ಮೀಟರ್ ಒಂದಿದೆ. ಅದರ ಎರಡು ಕಡ್ಡಿಗಳನ್ನು ತಂತಿಯ ಎರಡು ತುದಿಗೆ ಹಿಡಿದರೆ, ಕರೆಂಟಿಗೆ ದಾರಿ ಇದ್ದಲ್ಲಿ ಮುಳ್ಳು ಏಳುತ್ತದೆ.

ಮಾವ ಆ ಮೀಟರನ್ನು ಎತ್ತಿಕೊಂಡರು. "ಆ ಮಿಷನ್ನೂ ಇದೇ ತರ ಕಣೋ. ಸುಳ್ಳು ಹೇಳಿದ್ರೆ ಕೈ ಬೆವರ್ತೈತೆ. ಬೆವರಿದ್ರೆ ಕರೆಂಟ್ ಹರೀತೈತೆ. ಮುಳ್ಳೆದ್ರೆ ಸುಳ್ಳು, ಮಲಗಿದ್ರೆ ನಿಜ!"

ಎಲ್ಲೋ ತಪ್ಪಿದೆ ಅನ್ನಿಸಿತು. ಎಲ್ಲಿ ಅಂತ ಮಾತ್ರ ಹೊಳೆಯಲಿಲ್ಲ.

ಮೊದಲ ಬಲಿ ತಾಳಗುಂದದ ಒಬ್ಬ ರೈತ. "ಮೋಟಾರ್ ಮುಟ್ಟೇ ಇಲ್ರೀ, ತಾನಾಗೇ ಸುಟ್ಟೈತಿ" ಎಂದ. ಮಾವ ಎರಡೂ ಕೈಗೆ ಒಂದೊಂದು ಕಡ್ಡಿ ಹಿಡಿಸಿದರು. ಮುಳ್ಳು ಅಲುಗಲಿಲ್ಲ. "ಅಪ್ಪಟ ಸತ್ಯವಂತ!" ಎಂದರು. ನಾನು ಮೋಟಾರು ಬಿಚ್ಚಿದೆ. ಒಳಗಿನ ತಂತಿಯನ್ನು ಯಾರೋ ಕುಯ್ದು, ಗಂಟು ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ್ದರು!

"ಇದನ್ನ್ಯಾರು ಮಾಡಿದ್ದಪ್ಪ?"

"ಅದೂ ತಾನಾಗೇ ಆಗಿರ್ಬೇಕ್ರೀ" ಎಂದ ಸತ್ಯವಂತ.

ಎರಡನೆಯವರು ನಿವೃತ್ತ ಮೇಷ್ಟ್ರು, ಮಿಕ್ಸಿ ರಿಪೇರಿಗೆ ಬಂದಿದ್ದರು. ಮಾವ ಸುಮ್ಮನೆ ಹೆಸರು ಕೇಳಿದರು. ಮೇಷ್ಟ್ರು ಹೆಸರು ಹೇಳಿದರು. ಮುಳ್ಳು ಎದ್ದು ಕುಣಿಯಿತು!

"ಏನ್ ಮೇಷ್ಟ್ರೇ, ನಿಮ್ ಹೆಸರೂ ಸುಳ್ಳಾ?"

"ಅಯ್ಯೋ, ಶಾಕ್ ಹೊಡೀತದೇನೋ ಅಂತ ಹೆದ್ರಿಕೆ ಕಣಯ್ಯ!"

ಹೆದರಿಕೆಗೂ ಸುಳ್ಳಿಗೂ ಬೆವರು ಒಂದೇ ಆದರೆ, ಪಾಪ, ಮೀಟರ್ ಏನು ಮಾಡಬೇಕು? ನನ್ನ ತಲೆ ಗಿರ್ರೆಂದಿತು. ಮೇಷ್ಟ್ರಂತೂ ಮಿಕ್ಸಿ ಬಿಟ್ಟು ಹೋಗುವಾಗ, ಚೀಟಿಯ ಮೇಲೆ ಹೆಸರು ಬರೆಯಲು ಎರಡು ಸಲ ಯೋಚಿಸಿದರು.

ಇಷ್ಟರವರೆಗೆ ತಮಾಷೆ. ಅತ್ತೆ ತೀರಿಕೊಂಡ ಮೇಲೆ ಮಾವ ಆನವಟ್ಟಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಈಚೆಗೆ ಜ್ವರ ಬಂದು ಮಲಗಿದ್ದು ನಮಗೆ ತಿಳಿದದ್ದೇ ವಾಸಿಯಾದ ಮೇಲೆ. ಅದೇ ದಿನ ಮಧ್ಯಾಹ್ನ ಊಟವಾದ ಮೇಲೆ ನನ್ನ ಹೆಂಡತಿ ಅಂಗಡಿಗೆ ಬಂದು, "ಇನ್ ಮೇಲೆ ನಮ್ಮನೇಲೇ ಇದ್ದುಬಿಡಿ ಮಾವ" ಎಂದಳು.

ಮಾವ ತಡಮಾಡದೆ ಕಡ್ಡಿ ಕೊಟ್ಟರು. "ಇದನ್ನ್ ಹಿಡ್ಕಂಡು ಹೇಳವ್ವ."

ಅವಳು ಹೇಳಿದಳು. ಮುಳ್ಳು ಆ ತುದಿಗೆ ಹೋಗಿ ಬಡಿಯಿತು.

"ಪಾತ್ರೆ ತೊಳೆದ ಕೈ ಮಾವ!" ಎಂದಳು. ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದಳು. ಮುಳ್ಳು ಮತ್ತೂ ಜೋರಾಗಿ ಎದ್ದಿತು. ಮಾವ ಎಲ್ಲಿ ನಂಬದೆ ಹೋಗುತ್ತಾರೋ ಎಂಬ ಗಾಬರಿಗೆ ಅವಳ ಹಣೆಯೂ ಬೆವರುತ್ತಿತ್ತು.

"ನೀನ್ ಹೇಳೋ" ಎಂದು ಕಡ್ಡಿ ನನ್ನ ಕೈಗೆ ಬಂತು. ಇವರು ಇಲ್ಲೇ ಉಳಿದರೆ ಗಿರಾಕಿಗಳೆಲ್ಲ ಓಡಿಹೋಗುತ್ತಾರಲ್ಲ ಎಂದು ನನಗೆ ಒಳಗೊಳಗೇ ಅಳುಕು. "ಇರಿ ಮಾವ, ನನಗೂ ಖುಷಿ" ಎಂದೆ. ತಾಮ್ರದ ತಂತಿ ಎಳೆದೆಳೆದು ಜಡ್ಡುಗಟ್ಟಿದ ಬೆರಳು ನನ್ನದು. ಮುಳ್ಳು ಹಾಯಾಗಿ ಮಲಗಿತ್ತು!

ನೋಡಿ ನ್ಯಾಯ! ಮನಸಾರೆ ಕರೆದವಳು ಸುಳ್ಳಿ, ಅಳುಕುತ್ತಿದ್ದವನು ಸತ್ಯವಂತ. ತಾಳಗುಂದದವನ ಜಡ್ಡುಗಟ್ಟಿದ ಕೈ ಯಾಕೆ ಗೆದ್ದಿತ್ತು ಎಂದು ನನಗೆ ಆಗ ಹೊಳೆಯಿತು. ಹೇಳಲು ಬಾಯಿ ತೆರೆದೆ. ಆದರೆ ಮಾವ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸಣ್ಣ ದನಿಯಲ್ಲಿ, "ಹೋಗ್ಲಿ ಬಿಡವ್ವ, ಮರ್ಯಾದಿಗೆ ಕರ್ದಿದ್ದೂ ದೊಡ್ಡದೇ" ಎಂದು ಕನ್ನಡಕ ತೆಗೆದು ಚೀಲಕ್ಕೆ ಹಾಕಿ, ಹೊರಡಲು ಎದ್ದರು. ಹೆಂಡತಿಯ ಕಣ್ಣು ತುಂಬಿತು.

"ಒಂದ್ ನಿಮಿಷ, ಈಗ ನೀವ್ ಹಿಡೀರಿ" ಎಂದು ಕಡ್ಡಿಗಳನ್ನು ಅವರಿಗೇ ಕೊಟ್ಟೆ. "ಆನವಟ್ಟೀಲಿ ಒಬ್ರೇ ಆರಾಮಾಗಿದೀರಾ?"

"ಆರಾಮಾಗಿದೀನಿ ಕಣೋ. ನಂಗೇನಾಗೈತೆ?"

ಮುಳ್ಳು ಮೆಲ್ಲಗೆ ಎದ್ದಿತು. ಇಳಿಯಲೇ ಇಲ್ಲ.

ಕನ್ನಡಕ ಚೀಲದೊಳಗೆ ಸೇರಿತ್ತು. ಮಾವ ಕಣ್ಣು ಕಿರಿದು ಮಾಡಿ, "ಏನಂತೈತೋ?" ಎಂದರು.

ನಿಜ ಎಂದರೆ ಹೊರಟುಬಿಡುತ್ತಾರೆ. ಸುಳ್ಳು ಎಂದರೆ ಆ ಮುಖವನ್ನು ಹೇಗೆ ನೋಡಲಿ? ಮೀಟರಿನ ಮೇಲೆ ಅಂಗೈ ಮುಚ್ಚಿದೆ. ಬಾಯಿಗೆ ಬಂದದ್ದು ಇಷ್ಟೇ: "ಆನವಟ್ಟಿಗೆ ಇನ್ನು ಬಸ್ಸಿಲ್ಲ ಮಾವ."

ಹೇಳಿದ್ದು ಯಾರಿಗೆ? ಆ ರೂಟಿನ ಒಂದೊಂದು ಬಸ್ಸಿನ ಹೊತ್ತೂ ಬಾಯಿಪಾಠ ಇದ್ದವರಿಗೆ! ಅದೂ ನಡುಮಧ್ಯಾಹ್ನ! ಸಾಲದ್ದಕ್ಕೆ ಅಂಗಡಿಯ ಎದುರಿಗೇ ಯಾವನೋ ಕಂಡಕ್ಟರು ಬಾಗಿಲು ಬಡಿಯುತ್ತಾ, "ಆನವಟ್ಟಿ, ಆನವಟ್ಟಿ, ಸೊರಬಾ!" ಎಂದು ಕೂಗಿದ.

ಮಾವ ನನ್ನ ಮುಖ ಒಮ್ಮೆ ನೋಡಿದರು. ಹೊರಗೆ ನಿಂತ ಬಸ್ಸನ್ನು ಒಮ್ಮೆ ನೋಡಿದರು. ಕಡ್ಡಿ ಹಿಡಿ ಎನ್ನಲಿಲ್ಲ.

"ಹೌದಲ್ಲ," ಎಂದರು, "ಬಸ್ಸೇ ಇಲ್ಲ."

ಚೀಲವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು.