ಹೊರಡುವ ಮುಂಚೆ ಒಂದು ಸಲ

ಶೀಲಾವತಮ್ಮನವರ ಮನೆಯಲ್ಲಿ ಒಂದು ಕಟ್ಟುನಿಟ್ಟು. ಹಳೇಬೀಡಿನಿಂದ ಯಾರು ಎಲ್ಲಿಗೇ ಹೊರಡಲಿ, ಹೊಸಿಲು ದಾಟುವ ಮುಂಚೆ ಒಂದು ಸಲ ಬಚ್ಚಲಿಗೆ ಹೋಗಿ ಬರಬೇಕು. ಬೇಲೂರಿಗೆ ಹೊರಟವರಿಗೂ ಅದೇ ಮಾತು, ಶಿಖರ್ಜಿಯ ಯಾತ್ರೆಗೆ ಹೊರಟವರಿಗೂ ಅದೇ ಮಾತು. "ಬಸ್ಸಿನೋನು ನಿನಗೋಸ್ಕರ ನಿಲ್ಲಿಸ್ತಾನಾ?" ಎಂದು ಅವರು ಕೇಳಿದರೆ ಆ ಮನೆಯಲ್ಲಿ ಇದುವರೆಗೆ ಯಾರೂ ಎದುರು ಮಾತಾಡಿದ್ದಿಲ್ಲ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗ ಸುಪಾರ್ಶ್ವನೂ ಆ ಮಾತಿನಂತೆಯೇ ನಡೆದುಕೊಂಡ. ಅವನು ಸೈಕಲ್ ರೇಸಿನ ಹುಡುಗ. ರಾಷ್ಟ್ರೀಯ ತಂಡದ ಆಯ್ಕೆಗೆಂದು ಪುಣೆಯಿಂದ ಕರೆ ಬಂದಿತ್ತು. ಮರುದಿನ ಅಲ್ಲಿ ಹಾಜರಾಗದವರ ಹೆಸರನ್ನು ಹೊಡೆದುಹಾಕುತ್ತಾರೆಂದು ತರಬೇತುದಾರರು ಫೋನಿನ ಮೇಲೆ ಫೋನು ಮಾಡಿ ಎಚ್ಚರಿಸಿದ್ದರು. ಅರಸೀಕೆರೆಯಲ್ಲಿ ಕತ್ತಲಾದ ಮೇಲೆ ರೈಲು. ಅದು ತಪ್ಪಿದರೆ ಈ ಸಲದ ಆಯ್ಕೆಯೇ ತಪ್ಪಿದಂತೆ. ರೇಸಿನ ಸೈಕಲ್ಲು ಬಿಚ್ಚಿ ರಟ್ಟಿನ ಪೆಟ್ಟಿಗೆ ಸೇರಿತ್ತು. ಗಿಡ್ಡಯ್ಯನ ಆಟೋ ಬಾಗಿಲಲ್ಲಿ ನಿಂತಿತ್ತು. ಸುಪಾರ್ಶ್ವ ಬಚ್ಚಲಿಗೆ ಹೋಗಿ, ಒಂದು ಹನಿಯೂ ಉಳಿಯದ ಹಾಗೆ ನೆಮ್ಮದಿಯಾಗಿ ಮುಗಿಸಿ, ಕೈ ಒರೆಸಿಕೊಂಡು ಹೊರಗೆ ಬಂದ.

ಹೊಸಿಲಿನಾಚೆ ನೀಲಿ ಚೀಲ ಹೊತ್ತ ಅಪರಿಚಿತನೊಬ್ಬ ನಿಂತಿದ್ದ.

"ಸುಪಾರ್ಶ್ವ ಅವರು ನೀವೇನಾ? ನಾನು ಶಶಿಕಿರಣ್ ಅಂತ. ಉದ್ದೀಪನ ಮದ್ದಿನ ತಪಾಸಣೆಗೆ ಬೆಂಗಳೂರಿಂದ ಬಂದಿದ್ದೀನಿ. ನಿಮ್ಮ ಮೂತ್ರದ ಸ್ಯಾಂಪಲ್ ಬೇಕಾಗಿತ್ತು."

ಸುಪಾರ್ಶ್ವ ಒಮ್ಮೆ ಬಚ್ಚಲ ಬಾಗಿಲನ್ನು ನೋಡಿದ. ಒಮ್ಮೆ ಅಜ್ಜಿಯನ್ನು ನೋಡಿದ. ಇದ್ದ ಕಾಸನ್ನೆಲ್ಲ ಹುಂಡಿಗೆ ಹಾಕಿ ಬಂದು, ಬಸ್ಸಿನಲ್ಲಿ ಕಂಡಕ್ಟರ್ ಕೈ ಚಾಚಿದಾಗ ಜೇಬು ತಡಕುವವನ ಮುಖದಂತಾಯಿತು ಅವನ ಮುಖ.

"ಸರ್, ಈಗ ತಾನೇ..."

"ಈಗ ತಾನೇ?"

"ಹೋಗ್ಬಂದೆ."

ಶಶಿಕಿರಣ್ ಚೀಲ ಇಳಿಸಿ ಜಗಲಿಯ ಮೇಲೆ ಕುಳಿತ. ಒರಟನೇನಲ್ಲ, ಮೃದು ಮಾತಿನ ಮನುಷ್ಯ. ಆದರೆ ಅವನ ನಿಯಮಗಳು ಕಲ್ಲಿನಲ್ಲಿ ಕೆತ್ತಿದವು. "ಪರವಾಗಿಲ್ಲ, ಕಾಯ್ತೀನಿ. ಕೊಡೋ ತನಕ ನೀವು ನನ್ನ ಕಣ್ಣೆದುರಿಗೇ ಇರಬೇಕು. ಕೊಡದೆ ಹೊರಟರೆ ಒಲ್ಲೆ ಅಂದ ಹಾಗೆ. ಒಲ್ಲೆ ಅಂದರೆ ಮದ್ದು ತಗೊಂಡ ಹಾಗೇ. ಆಮೇಲೆ ವರ್ಷಗಟ್ಟಲೆ ರೇಸಿಗೆ ಇಳಿಯೋ ಹಾಗಿಲ್ಲ."

ಆಟೋದಿಂದ ಗಿಡ್ಡಯ್ಯ ಇಣುಕಿದ. "ಅಲ್ಲಾ ಅಮ್ಮಾರೆ, ಎಲ್ಲಾರೂ ನಮ್ಮೂರಿಗೆ ಗುಡಿ ನೋಡಾಕೆ ಬತ್ತಾರೆ. ಈ ಸ್ವಾಮಿ ಬಂದಿರೋ ಕೆಲಸ ನೋಡಿ!"

"ಬಾಯ್ಮುಚ್ಚೋ ಗಿಡ್ಡಯ್ಯ," ಎಂದರು ಶೀಲಾವತಮ್ಮ. ಅವರು ಆಗಲೇ ಒಲೆಯ ಮೇಲೆ ನೀರಿಟ್ಟಾಗಿತ್ತು.

ನೀರಿನದೂ ಆ ಜೈನರ ಮನೆಯಲ್ಲಿ ಒಂದು ಕಟ್ಟುನಿಟ್ಟು. ಕಾಯಿಸಿ ಸೋಸಿದ ನೀರೇ ಆಗಬೇಕು. ಹೊತ್ತು ಮುಳುಗಿದ ಮೇಲೆ ಅದೂ ಇಲ್ಲ. ಅಜ್ಜ ಬ್ರಹ್ಮಪ್ಪನವರು ಬದುಕಿರುವ ತನಕ ಹಾಗೆಯೇ ನಡೆದರು. ಹೋದ ವರ್ಷ ಅವರ ಕೊನೆಯ ಸಂಜೆ, ತುಟಿ ಒಣಗಿದೆಯೆಂದು ಶೀಲಾವತಮ್ಮ ಚಮಚದಲ್ಲಿ ನೀರು ಹಿಡಿದರೆ, ಅವರು ಕಿಟಕಿಯ ಕಡೆ ನೋಡಿ, ಕತ್ತಲಾದದ್ದು ಕಂಡು, ಬೇಡವೆಂದು ತಲೆಯಾಡಿಸಿದರು. ಬೆಳಕು ಹರಿಯುವ ಮುಂಚೆಯೇ ಹೊರಟುಹೋದರು. ಪಕ್ಕದಲ್ಲಿ ಕೈ ಹಿಡಿದು ಕೂತಿದ್ದ ಸುಪಾರ್ಶ್ವ, ಯಾರೂ ಕೇಳದಿದ್ದರೂ, ಇನ್ನು ಮೇಲೆ ನಾನೂ ಹಾಗೇ ಇರುತ್ತೇನೆಂದು ಮನಸ್ಸಿನಲ್ಲೇ ಮಾತು ಕೊಟ್ಟ. ಅಜ್ಜನ ಹಳೆಯ ಸೈಕಲ್ಲು ಈಗಲೂ ಹಜಾರದಲ್ಲಿತ್ತು. ಶೀಲಾವತಮ್ಮ ದಿನಾ ಬೆಳಗ್ಗೆ ಬಸದಿಗೆ ಹೋಗಿ ಬಂದು ಅದನ್ನು ಒರೆಸುತ್ತಿದ್ದರು. ಯಾರೂ ಹತ್ತುತ್ತಿರಲಿಲ್ಲ.

ಹೀಗಾಗಿ ಸುಪಾರ್ಶ್ವನಿಗೆ ಎರಡು ಗಡುವು. ರೈಲು ಬರುವುದರೊಳಗೆ ಅರಸೀಕೆರೆ ಸೇರಬೇಕು. ಅದಕ್ಕೂ ಮುಂಚೆ, ಕುಡಿಯುವುದಿದ್ದರೆ ಹೊತ್ತು ಮುಳುಗುವುದರೊಳಗೆ ಕುಡಿಯಬೇಕು. "ಕೊಟ್ಟೇ ಹೋಗ್ತೀನಿ, ರೈಲನ್ನೂ ಹಿಡೀತೀನಿ," ಎಂದು ಅವನು ಚೊಂಬು ಎತ್ತಿದ. ಬಿಸಿ ಆರುವುದಕ್ಕೂ ಕಾಯಲಿಲ್ಲ.

ಸುದ್ದಿ ಬೀದಿಗೆ ಹರಡಲು ಹೊತ್ತು ಹಿಡಿಯಲಿಲ್ಲ. ಮೊದಲು ಬಂದವನು ಮೆಡಿಕಲ್ ಶಾಪಿನ ಉಮೇಶ. ಸುಪಾರ್ಶ್ವನನ್ನು ಪಕ್ಕಕ್ಕೆ ಕರೆದು, ಊರಿಗೆಲ್ಲ ಕೇಳುವಂಥ ಪಿಸುಮಾತಿನಲ್ಲಿ ಹೇಳಿದ: "ಈ ಮಾತ್ರೆ ನುಂಗು. ನಮ್ಮ ಮಾವನಿಗೆ ಕಾಲು ಊದಿದಾಗ ಡಾಕ್ಟ್ರು ಬರ್ಕೊಟ್ಟಿದ್ದು. ಕೂತಲ್ಲಿ ಕೂರೋಕೆ ಬಿಡಲ್ಲ. ಕೆರೆ ಕೋಡಿ ಬಿದ್ದ ಹಾಗೆ ಬರುತ್ತೆ!"

ಶಶಿಕಿರಣ್ ಹಾವು ಕಂಡವನಂತೆ ಎದ್ದು ನಿಂತ. "ರೀ! ಅದು ನಿಷೇಧವಾಗಿರೋ ಮದ್ದು! ಅಂಥದ್ದನ್ನ ಹಿಡಿಯೋಕೇ ಕಣ್ರೀ ನಾನು ಬಂದಿರೋದು!"

ಉಮೇಶ ಮಾತ್ರೆಯನ್ನು ಜೇಬಿಗಿಳಿಸಿದ. "ನಾನು ಸುಮ್ನೆ ಬಣ್ಣ ತೋರಿಸ್ದೆ ಸಾರ್," ಎಂದು ಬಂದ ದಾರಿ ಹಿಡಿದ.

ಆಮೇಲೆ ಪಕ್ಕದ ಮನೆಯ ಹೇಮಲತಾ ಟೀಚರ್ ಬಂದರು. ಇಡೀ ಊರಿಗೆ ಅ ಆ ಇ ಈ ಕಲಿಸಿ ನಿವೃತ್ತರಾದವರು. "ನೀರು ಕುಡಿಸಿದರೆ ಸಾಲದು ಶೀಲಾವತಮ್ಮ, ಶಬ್ದ ಕೇಳಿಸಬೇಕು. ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಇದನ್ನೇ ಮಾಡ್ತಿದ್ದೆ," ಎಂದವರೇ ಅಂಗಳದ ನಲ್ಲಿ ತಿರುಗಿಸಿದರು. ಸಣ್ಣಗೆ ಸೊರ್ ಎಂದು ನೀರು ಬಕೆಟ್ಟಿಗೆ ಬೀಳತೊಡಗಿತು.

ಎಲ್ಲರೂ ಸುಪಾರ್ಶ್ವನ ಮುಖವನ್ನೇ ನೋಡಿದರು. ಅವನಿಗೆ ಏನೂ ಅನ್ನಿಸಲಿಲ್ಲ. ಆದರೆ ಗಿಡ್ಡಯ್ಯ ಆಟೋದಿಂದ ಇಳಿದು, "ಈಗ ಬತ್ತೀನಿ," ಎಂದು ಬೇಲಿಯ ಕಡೆಗೆ ಧಾವಿಸಿದ. ಶಶಿಕಿರಣ್ ಕಾಲ ಮೇಲೆ ಕಾಲು ಹಾಕಿದ. ತೆಗೆದ. ಮತ್ತೆ ಹಾಕಿದ. ಶೀಲಾವತಮ್ಮ ಉಪಚಾರಕ್ಕೆಂದು ಕೊಟ್ಟ ಕಾಫಿ, ಅದರ ಮೇಲೆ ಕೊಟ್ಟ ಮಜ್ಜಿಗೆ, ಎರಡೂ ಈಗ ಒಟ್ಟಿಗೆ ಬಾಗಿಲು ತಟ್ಟುತ್ತಿದ್ದವು.

"ಬಚ್ಚಲು ಒಳಗಿದೆ, ಹೋಗಿ ಬನ್ನಿ," ಎಂದರು ಶೀಲಾವತಮ್ಮ.

"ಇವರನ್ನ ಬಿಟ್ಟು ಹೋಗೋ ಹಾಗಿಲ್ಲವಲ್ಲ ಅಮ್ಮಾ," ಎಂದ ಶಶಿಕಿರಣ್, ಹಣೆಯ ಬೆವರು ಒರೆಸಿಕೊಂಡು. ಕೊನೆಗೆ ನಾಚಿಕೆ ಬಿಟ್ಟು ಹೇಳಿದ: "ಸುಪಾರ್ಶ್ವ ಅವರೇ, ನೀವೂ ಸ್ವಲ್ಪ ಬನ್ನಿ."

ಪರೀಕ್ಷೆಗೆ ಒಳಗಾಗಬೇಕಾದವನು ಬಚ್ಚಲ ಬಾಗಿಲಲ್ಲಿ ಕೈಕಟ್ಟಿ ನಿಂತ. ಪರೀಕ್ಷಕ ಹಗುರಾಗಿ ಹೊರಗೆ ಬಂದ. "ಇದನ್ನ ಬಾಟಲಿಗೆ ಹಿಡಿದಿದ್ರೆ ಎಲ್ಲರ ಕೆಲಸಾನೂ ಮುಗೀತಿತ್ತು," ಎಂದು ಹೇಮಲತಾ ಟೀಚರ್ ನಿಟ್ಟುಸಿರು ಬಿಟ್ಟರು.

ಎರಡನೆಯ ಚೊಂಬು ಖಾಲಿಯಾಯಿತು. ಮೂರನೆಯದೂ ಖಾಲಿಯಾಯಿತು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಸರಿಯಿತು. ಕಡೆಗೊಮ್ಮೆ ಸುಪಾರ್ಶ್ವ ಎದ್ದು ನಿಂತ. "ಸರ್, ಬನ್ನಿ!" ಇಬ್ಬರೂ ಒಳಗೆ ಹೋದರು. ಹೊರಗೆ ಬರುವಾಗ ಹುಡುಗನ ಮುಖ ಹಬ್ಬದ ದಿನದ ಬಾಗಿಲಿನಂತಿತ್ತು. ಬಾಟಲಿ ತುಂಬಿ ತುಳುಕುತ್ತಿತ್ತು.

ಶಶಿಕಿರಣ್ ಅದರಲ್ಲಿ ಒಂದು ಹನಿಯನ್ನು ಸಣ್ಣದೊಂದು ಯಂತ್ರಕ್ಕೆ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದ. ತಲೆಯಾಡಿಸಿದ.

"ತೀರಾ ತೆಳು. ಇದು ನಿಮ್ಮ ಅಜ್ಜಿ ಕಾಯಿಸಿದ ನೀರೇ, ಹಾಗೆ ಹೋಗಿ ಹೀಗೆ ಬಂದಿದೆ. ಇನ್ನೊಂದು ಸ್ಯಾಂಪಲ್ ಬೇಕು. ಅಲ್ಲಿ ತನಕ ನೀರು ಕುಡೀಬೇಡಿ."

"ಬರಲ್ಲ ಅಂದ್ರೆ ಕುಡಿಸ್ದೆ. ಬಂದ ಮೇಲೆ ತೆಳು ಅಂತೀರಿ. ನೀವೇನು ಹಾಲಿನ ಡೇರಿಯೋರಾ?" ಎಂದು ಶೀಲಾವತಮ್ಮ ಕೆರಳಿದರು.

ಸುಪಾರ್ಶ್ವ ಫೋನು ತೆಗೆದು ಏನೋ ಒತ್ತತೊಡಗಿದ. ಅವನಂಥ ಆಟಗಾರರು ಯಾವ ದಿನ ಯಾವ ಹೊತ್ತಿಗೆ ಎಲ್ಲಿ ಸಿಗುತ್ತೇವೆಂದು ತಪಾಸಣೆಯವರಿಗೆ ಮೊದಲೇ ತಿಳಿಸಿಡಬೇಕು. ಬರೆದ ಕಡೆ ಇಲ್ಲದಿದ್ದರೆ ಅದೂ ತಪ್ಪೇ. "ಸಂಜೆ ಅರಸೀಕೆರೆಯಲ್ಲಿ ಇರ್ತೀನಿ ಅಂತ ಬರ್ದಿದ್ದೆ ಸರ್. ಈಗ ತಡ ಆಗುತ್ತಲ್ಲ, ಅದಕ್ಕೆ ಹೊತ್ತು ತಿದ್ತಾ ಇದೀನಿ. ಜಾಗಾನೂ ಸರಿಯಾಗಿ ಹಾಕ್ಬಿಡ್ತೀನಿ. ಒಂದನೇ ಪ್ಲಾಟ್‌ಫಾರ್ಮು, ಶೌಚಾಲಯದ ಪಕ್ಕದ ಬೆಂಚು."

ಶಶಿಕಿರಣನ ಕಣ್ಣು ತುಂಬಿ ಬಂದಂತಾಯಿತು. "ಇಷ್ಟು ನಿಯತ್ತಿನವರನ್ನ ನಾನು ನೋಡಿಲ್ಲ. ನಿಮಗೆ ಒಳ್ಳೇದೇ ಆಗುತ್ತೆ."

ಹೊತ್ತು ಇಳಿಯುತ್ತಿತ್ತು. ಆಗ ಶೀಲಾವತಮ್ಮ ಹಜಾರದ ಕಡೆ ತಿರುಗಿದರು. ಹಳೆಯ ಸೈಕಲ್ಲಿನ ಹ್ಯಾಂಡಲ್ ಹಿಡಿದು ಹೇಳಿದರು: "ನಿಮ್ಮಜ್ಜ ಬೇಲೂರಿಂದ ಸೈಕಲ್ ತುಳ್ಕೊಂಡು ಬಂದ್ರೆ, ಚಪ್ಪಲಿ ಬಿಡೋಕೂ ಮುಂಚೆ ಬಚ್ಚಲಿಗೆ ಓಡೋರು. ತಗೊಂಡು ಹೋಗು ಮಗೂ. ಬೆವರು ಸುರಿದ್ರೆ ಆ ತೆಳುವೂ ಹೋಗುತ್ತೆ."

"ಅಜ್ಜಿ, ಅಜ್ಜನ ಸೈಕಲ್ಲಾ?"

"ಒರೆಸಿ ಇಟ್ಟಿರೋದು ಇನ್ಯಾತಕ್ಕೆ?"

"ಕಣ್ಣಳತೆ ಬಿಟ್ಟು ಹೋಗೋ ಹಾಗಿಲ್ಲ!" ಎಂದು ಶಶಿಕಿರಣ್ ಹಿಂದೆಯೇ ಓಡಿದ.

"ಹಾಗಾದ್ರೆ ಕ್ಯಾರಿಯರ್ ಮೇಲೆ ಕೂತ್ಕೊಳ್ಳಿ ಸರ್."

ಹಳೇಬೀಡು ಅವತ್ತು ಕಂಡ ಮೆರವಣಿಗೆಯನ್ನು ಸುಲಭಕ್ಕೆ ಮರೆಯಲಾರದು. ಸೀಟು ಬಿಟ್ಟೆದ್ದು ಪೆಡಲ್ ಮೇಲೆ ನಿಂತು ತುಳಿಯುವ ರೇಸಿನ ಹುಡುಗ. ಹಿಂದೆ, ನೀಲಿ ಚೀಲವನ್ನು ಹಸುಗೂಸಿನಂತೆ ಅವುಚಿಕೊಂಡು, ಎರಡೂ ಕಾಲನ್ನು ಮೇಲೆತ್ತಿಕೊಂಡ ಬೆಂಗಳೂರಿನ ಅಧಿಕಾರಿ. ಬಸ್ ಸ್ಟಾಂಡಿನಲ್ಲಿ ಟೀ ಕುಡಿಯುತ್ತಿದ್ದವರು ಎದ್ದು ನಿಂತರು. "ಏನ್ಲಾ ಸುಪಾರ್ಶ್ವ, ಇಂಡಿಯಾ ಟೀಮಲ್ಲಿ ಡಬಲ್ ರೈಡ್ ಬೇರೆ ಐತಾ?" ಎಂದೊಬ್ಬ ಕೂಗಿದ. ದೇವಸ್ಥಾನದ ಮುಂದೆ ಪ್ರವಾಸಿಗರು ಹೊಯ್ಸಳರ ಆನೆಸಾಲನ್ನು ಬಿಟ್ಟು ಇವರ ಫೋಟೋ ತೆಗೆದರು. ಕೆರೆ ಏರಿಯ ಮೇಲೆ ಎದುರುಗಾಳಿ. ಬಸ್ತಿಹಳ್ಳಿಯ ತಿರುವಿನಲ್ಲಿ ಗುಂಡಿ. "ಅಪ್ಪಾ, ನಿಧಾನ!" ಎಂದು ಶಶಿಕಿರಣ್ ಅರಚಿದ. "ನಿಧಾನ ಅಂದ್ರೆ ರೈಲು ಹೋಗುತ್ತೆ ಸರ್!" ಬಸದಿಯ ಎದುರಿಗೆ ಬಂದಾಗ ಮಾತ್ರ ಸುಪಾರ್ಶ್ವ ಸೈಕಲ್ ನಿಲ್ಲಿಸಿ, ಕಣ್ಮುಚ್ಚಿ ಕೈಮುಗಿದ. ಅವನು ಬೇಡಿಕೊಂಡದ್ದೇನೆಂದು ಹಿಂದೆ ಕೂತವನಿಗೂ ಗೊತ್ತಿತ್ತು. ಅವನೂ ಚೀಲ ಸಮೇತ ಕೈಮುಗಿದ.

ಮನೆಗೆ ಬಂದಾಗ ಅಂಗಿ ಮೈಗೆ ಅಂಟಿತ್ತು. ಸೈಕಲ್ಲನ್ನು ಗಿಡ್ಡಯ್ಯನ ಕೈಗೆ ಕೊಟ್ಟವನೇ ಸುಪಾರ್ಶ್ವ, ಚಪ್ಪಲಿ ಬಿಡುವುದಕ್ಕೂ ಮುಂಚೆ, ಬಚ್ಚಲಿಗೆ ಓಡಿದ. ಹಿಂದೆಯೇ ಶಶಿಕಿರಣ್ ಓಡಿದ. ಶೀಲಾವತಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಶಶಿಕಿರಣ್ ಯಂತ್ರ ನೋಡಿದ. ನಕ್ಕ. "ಈಗ ಸರಿಯಾಗಿದೆ!" ಎಂದು ಬಾಟಲಿಗಳಿಗೆ ಮುಚ್ಚಳ ಬಿಗಿದು, ಸೀಲು ಮಾಡಿ, ಸುಪಾರ್ಶ್ವನ ಬೆನ್ನು ತಟ್ಟಿ ಹೊರಟುಹೋದ.

ಹೊತ್ತು ಇನ್ನೂ ತೆಂಗಿನ ಗರಿಗಳ ಮೇಲಿತ್ತು. ಶೀಲಾವತಮ್ಮ ದೊಡ್ಡ ಚೊಂಬು ತಂದರು. "ಇನ್ನು ಬೆಳಗಾಗೋ ತನಕ ನೀರಿಲ್ಲ. ಇಷ್ಟೂ ಕುಡ್ಕೊಂಡು ಹೊರಡು." ಬಾಯಾರಿದ್ದ ಹುಡುಗ ತಳದ ಹನಿಯನ್ನೂ ಬಿಡದೆ ಕುಡಿದು, ಅಜ್ಜಿಯ ಕಾಲಿಗೆ ಬಿದ್ದು, ಆಟೋ ಹತ್ತಿದ. ಅವನು ಹೊಸಿಲು ದಾಟುವಾಗ ಅಜ್ಜಿ ತಮ್ಮ ಎಂದಿನ ಮಾತಿಗೆ ಬಾಯಿ ತೆರೆದು, ಈಗ ತಾನೇ ಆಯಿತಲ್ಲ ಎಂದು ಸುಮ್ಮನಾದರು.

ಜಾವಗಲ್ ದಾಟುವಷ್ಟರಲ್ಲಿ ಹೊತ್ತು ಮುಳುಗಿತು. ಅಲ್ಲಿಂದಾಚೆಗೆ ಆ ದೊಡ್ಡ ಚೊಂಬು ತನ್ನ ಕೆಲಸ ಶುರು ಮಾಡಿತು. ಪ್ರತಿಯೊಂದು ಗುಂಡಿಯಲ್ಲೂ ಸುಪಾರ್ಶ್ವ ಹಲ್ಲು ಕಚ್ಚಿದ. ಕನ್ನಡಿಯಲ್ಲಿ ಅವನನ್ನು ನೋಡಿದ ಗಿಡ್ಡಯ್ಯ ಕೇಳಿದ: "ನಿಲ್ಲಿಸ್ಲಾ?"

"ಬೇಡ ಗಿಡ್ಡಯ್ಯ, ತುಳಿ! ಅಲ್ಲ, ಓಡ್ಸು!"

ಅರಸೀಕೆರೆ ಸ್ಟೇಷನ್ನಿಗೆ ಬಂದಾಗ ರೈಲು ಇನ್ನೂ ಬಂದಿರಲಿಲ್ಲ. ಗೆದ್ದೆ ಎನ್ನಿಸಿತು ಅವನಿಗೆ. ಪೆಟ್ಟಿಗೆಯನ್ನು ಗಿಡ್ಡಯ್ಯನಿಗೆ ಒಪ್ಪಿಸಿ, ಒಂದನೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿ, ಬೆಂಚನ್ನು ದಾಟಿ ಶೌಚಾಲಯಕ್ಕೆ ನುಗ್ಗಿದ. ಬಹಳ ಹೊತ್ತಿನ ಮೇಲೆ, ಒಂದು ಹನಿಯೂ ಉಳಿಯದ ಹಾಗೆ ನೆಮ್ಮದಿಯಾಗಿ ಮುಗಿಸಿ, ಕೈ ಒರೆಸಿಕೊಂಡು ಹೊರಗೆ ಬಂದ.

ಬೆಂಚಿನ ಮೇಲೆ ಕೂತಿದ್ದ ಒಬ್ಬರು ಎದ್ದು ನಿಂತರು. ಅವರ ಹೆಗಲಲ್ಲೂ ಒಂದು ನೀಲಿ ಚೀಲವಿತ್ತು.

"ಸುಪಾರ್ಶ್ವ ಅವರು ನೀವೇನಾ? ನಿಮ್ಮ ಮೂತ್ರದ ಸ್ಯಾಂಪಲ್..."

"ಸರ್, ಕೊಟ್ಟಾಯ್ತು ಸರ್! ಈಗಿನ್ನೂ ಹಳೇಬೀಡಲ್ಲಿ ಕೊಟ್ಟು ಬಂದೆ!"

"ಅವರು ನಮ್ಮ ದೇಶದ ಸಂಸ್ಥೆಯವರು. ನಾನು ಅಂತಾರಾಷ್ಟ್ರೀಯ ಒಕ್ಕೂಟದ ಪರವಾಗಿ ಬಂದಿದ್ದೀನಿ. ಅವರದು ಅವರಿಗೆ, ನಮ್ಮದು ನಮಗೆ. ಆಟಗಾರರನ್ನ ಹುಡುಕೋದೇ ದೊಡ್ಡ ಕಷ್ಟ ನೋಡಿ. ನೀವು ಪುಣ್ಯಾತ್ಮರು, ಬೆಂಚಿನ ಸಮೇತ ಬರೆದಿದ್ದೀರಿ!" ಅವರು ಚೀಲದಿಂದ ಸೀಲು ಒಡೆಯದ ನೀರಿನ ಬಾಟಲಿ ತೆಗೆದರು. "ಈಗ ಬರದಿದ್ದರೆ ನೀರು ಕುಡೀರಿ."

ಸುಪಾರ್ಶ್ವ ತಲೆಯೆತ್ತಿ ನೋಡಿದ. ಸ್ಟೇಷನ್ನಿನ ಮಾಡಿನಾಚೆ ಆಕಾಶ ಕಪ್ಪಾಗಿತ್ತು. ಅವನು ಅಜ್ಜನ ಹಾಗೆಯೇ ಬೇಡವೆಂದು ತಲೆಯಾಡಿಸಿದ. "ಬೆಳಗಾಗೋ ತನಕ ಕುಡಿಯೋ ಹಾಗಿಲ್ಲ ಸರ್."

"ಹಾಗಾದ್ರೆ ಬೆಳಗಾಗೋ ತನಕ ನಾನೂ ನಿಮ್ಮನ್ನ ಬಿಡೋ ಹಾಗಿಲ್ಲ."

ದೂರದಲ್ಲಿ ರೈಲು ಕೂಗಿತು. ಸುಪಾರ್ಶ್ವ ಗಿಡ್ಡಯ್ಯ ತಂದಿಟ್ಟ ಪೆಟ್ಟಿಗೆಯ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಅವರ ಕಡೆಗೆ ತಳ್ಳಿದ. "ಬಿಡಬೇಡಿ ಸರ್. ಆ ಕಡೆ ಹಿಡ್ಕೊಳ್ಳಿ. ಟಿಕೆಟ್ಟಿಗೆ ಟಿಸಿಯನ್ನ ಕೇಳೋಣ."

ರೈಲು ಹೊರಟಿತು. ಎದುರು ಸೀಟಿನಲ್ಲಿ ಕೂತ ಅಧಿಕಾರಿ ಉಸಿರು ತಿರುಗಿಸಿಕೊಂಡು ಹೇಳಿದರು: "ಒಂದು ಮಾತು. ಓಡೋ ರೈಲಲ್ಲಿ ನಾನು ಸ್ಯಾಂಪಲ್ ತಗೊಳ್ಳೋ ಹಾಗಿಲ್ಲ. ಪುಣೆಯಲ್ಲಿ ಇಳಿದ ಮೇಲೇ ತಗೋಬೇಕು. ಅಲ್ಲಿ ತನಕ ಬಂದರೂ ನೀವು ಹೋಗ್ಬಾರದು. ತಡ್ಕೋಬೇಕು."

ಸುಪಾರ್ಶ್ವ ಹೊಟ್ಟೆ ಮುಟ್ಟಿ ನೋಡಿಕೊಂಡ. ಅಜ್ಜಿಯ ದೊಡ್ಡ ಚೊಂಬು ಇನ್ನೂ ಪೂರ್ತಿ ಖಾಲಿಯಾದಂತಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು.

"ಮಗೂ, ರೈಲು ಸಿಕ್ತಾ? ಹತ್ತೋ ಮುಂಚೆ ಒಂದ್ಸಲ ಹೋಗ್ಬಂದ್ಯಾ?"

"ಹೋಗ್ಬಂದೆ, ಅಜ್ಜಿ."

"ಜಾಣ. ರೈಲು ನಮ್ಮ ಬಸ್ಸಿನ ಹಾಗಲ್ಲ, ಒಳಗೇ ಎಲ್ಲ ಇರುತ್ತೆ. ರಾತ್ರಿ ಬಂದ್ರೆ ಸಂಕೋಚ ಪಟ್ಕೊಂಡು ತಡ್ಕೋಬೇಡ ಕಣಪ್ಪಾ. ಎದ್ದು ಹೋಗ್ಬಾ."