ಜಿಂಕೆಯ ಹೊಟ್ಟೆಯೊಳಗೆ ನನ್ನ ಡಚ್ ಪರೀಕ್ಷೆ

ಕೋಳಿ ಕುಯ್ಯಲು ಬರುವವನಿಗೆ ಜಿಂಕೆ ಕುಯ್ಯುವುದೂ ಬರುತ್ತದೆ, ವ್ಯತ್ಯಾಸ ಗಾತ್ರದಲ್ಲಿ ಮಾತ್ರ. ಇದು ಆಗಸ್ಟ್ ತಿಂಗಳ ಒಂದು ಸಂಜೆ ನಾನು ಪಕ್ಕದ ಮನೆಯ ವಿಮ್ ಅವರಿಗೆ ಹೇಳಿದ ಮಾತು. ನನಗೆ ಕೋಳಿ ಕುಯ್ಯಲೂ ಬರುವುದಿಲ್ಲ ಎಂದು ಹೇಳುವ ಸಂದರ್ಭ ಬರಲಿಲ್ಲ.

ನಾವಿರುವುದು ನೆದರ್‌ಲ್ಯಾಂಡ್ಸಿನ ಏಡೆ ಎಂಬ ಊರಿನಲ್ಲಿ. ಹಿತ್ತಿಲ ಗೇಟು ದಾಟಿ ಸೈಕಲ್ ತುಳಿದರೆ ಕಾಲು ಗಂಟೆಯಲ್ಲಿ ಕಾಡು. ವಿಮ್ ನಿವೃತ್ತ ಗಣಿತದ ಮೇಷ್ಟ್ರು, ಲೈಸೆನ್ಸ್ ಇರುವ ಬೇಟೆಗಾರರು. ಕಾಡಿನಲ್ಲಿ ಜಿಂಕೆಗಳು ಹೆಚ್ಚಾಗಬಾರದೆಂದು ಪ್ರತಿ ವರ್ಷ ಇಂತಿಷ್ಟೆಂದು ಲೆಕ್ಕ ಹಾಕಿ ಅನುಮತಿ ಕೊಡುತ್ತಾರೆ. ವಿಮ್ ಆಗಸ್ಟಿನಲ್ಲಿ ಒಂದು ಗಂಡು ಜಿಂಕೆ ಹೊಡೆದು, ಸೆಪ್ಟೆಂಬರಿನಲ್ಲಿ ಬರುವ ತಮ್ಮ ಹುಟ್ಟುಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳಿಗೆಲ್ಲ ತಾವೇ ಅಡುಗೆ ಮಾಡಿ ಬಡಿಸುತ್ತಾರೆ. ಈ ಸಲ ಎಪ್ಪತ್ತು ತುಂಬುತ್ತಿತ್ತು. ಆದರೆ ಚಳಿಗಾಲದಲ್ಲಿ ಅವರಿಗೆ ಸೊಂಟದ ಕೀಲಿನ ಆಪರೇಷನ್ ಆಗಿತ್ತು.

"ನಿಂತು ಗುಂಡು ಹೊಡೀಬಲ್ಲೆ. ಬಗ್ಗೋಕಾಗಲ್ಲ," ಎಂದರು. "ಜಿಂಕೆ ಬಿದ್ದ ಜಾಗದಲ್ಲೇ ಹೊಟ್ಟೆ ಬಗೆದು ಕರುಳೆಲ್ಲ ತೆಗೀಬೇಕು. ಇಲ್ಲದಿದ್ರೆ ಒಳಗಿನ ಬಿಸಿಗೆ ಮಾಂಸ ಕೆಡುತ್ತೆ. ಪ್ರತಿ ವರ್ಷ ಆ ಕೆಲಸ ಮಾಡೋದು ನನ್ನ ಮಗ. ಈಗ ಅವನು ಫ್ರಾನ್ಸಿಗೆ ರಜೆ ಹೋಗಿದ್ದಾನೆ."

"ನಾನಿದ್ದೀನಲ್ಲ," ಎಂದೆ.

"ನಿನಗೆ ಅನುಭವ ಇದೆಯಾ?"

"ನಮ್ಮ ಮನೆಯಲ್ಲಿ ಪ್ರತಿ ಪಿತೃಪಕ್ಷಕ್ಕೂ ಮರಿ ಕುಯ್ಯುತ್ತಿದ್ದರು," ಎಂದೆ. ಅದು ನಿಜ. ಆ ಹೊತ್ತಿನಲ್ಲಿ ನಾನು ಮಾಳಿಗೆಯ ಮೇಲಿರುತ್ತಿದ್ದೆ ಎಂಬುದೂ ನಿಜ.

ಮನೆಗೆ ಬಂದು ಹೆಂಡತಿ ಶೈಲಾಗೆ ವಿಷಯ ತಿಳಿಸಿದೆ. ಶೈಲಾ ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವಳಲ್ಲ. ಆದರೆ ವೃತ್ತಿಯಿಂದ ಪಶುವೈದ್ಯೆ. ಇಲ್ಲಿ ಹಸುಗಳ ಜೀರ್ಣಕ್ರಿಯೆಯ ಮೇಲೆ ಸಂಶೋಧನೆ ಮಾಡುತ್ತಾಳೆ. ಭುಜದವರೆಗೆ ಹಸುವಿನೊಳಗೆ ಕೈಹಾಕಿ ಬಂದು, ತೊಳೆದುಕೊಂಡು, ನೆಮ್ಮದಿಯಾಗಿ ಮೊಸರನ್ನ ತಿನ್ನುವ ಹೆಂಗಸು.

"ಯಾವತ್ತು?" ಎಂದಳು.

"ಶುಕ್ರವಾರ ಬೆಳಗ್ಗೆ."

"ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹನ್ನೊಂದು ಗಂಟೆಗೆ ಹದಿನೈದು ಜನ ಬರ್ತಿದಾರೆ."

"ಹತ್ತಕ್ಕೇ ಮನೇಲಿರ್ತೀನಿ. ಪಾಪ, ಅವರಿಗೆ ಬಗ್ಗೋಕಾಗಲ್ಲ ಕಣೆ."

"ಸತೀಶ, ನೀನು ಚಿಕನ್ ಅಂಗಡೀಲಿ ಕಣ್ಣು ಮುಚ್ಕೊಂಡು ನಿಂತಿರ್ತಿದ್ದೆ ಅಂತ ನಿಮ್ಮಮ್ಮ ಹೇಳಿದಾರೆ."

"ಅದು ಧೂಳಿಗೆ."

ಅವಳು ಕುರ್ಚಿ ಎಳೆದು, "ಬಾ ಕೂತ್ಕೋ, ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿಕೊಡ್ತೀನಿ," ಎಂದಳು. ತಲೆತಲಾಂತರದಿಂದ ಮಾಂಸ ತಿಂದುಕೊಂಡು ಬಂದ ಮನೆತನದವನು ನಾನು. ಬೇಳೆಸಾರಿನವರ ಮನೆಯ ಮಗಳಿಂದ ಈ ವಿದ್ಯೆ ಕಲಿಯುವುದೇ? ಬೇಡವೆಂದೆ. ಬದಲಿಗೆ ಮರುದಿನ ಆಫೀಸಿಗೆ ಹೋಗುವಾಗ ರೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡೆ. ಚಾಕು ಜಿಂಕೆಯ ಹೊಟ್ಟೆಗೆ ತಾಗುವ ಹೊತ್ತಿಗೆ ಪಕ್ಕದಲ್ಲಿದ್ದ ಮಹಿಳೆ ಎದ್ದು ಬೇರೆ ಡಬ್ಬಿಗೆ ಹೋದರು. ನನಗೂ ತಲೆ ಸುತ್ತಿದಂತಾಗಿ ಅಲ್ಲಿಗೇ ನಿಲ್ಲಿಸಿದೆ. ನನ್ನ ಶಿಕ್ಷಣ ಅಲ್ಲಿಗೆ ಪೂರ್ಣವಾಯಿತು.

ಶುಕ್ರವಾರ ಬೆಳಗಿನ ಐದೂವರೆಗೆ ನಾವಿಬ್ಬರೂ ಕಾಡಿನಲ್ಲಿದ್ದೆವು. ವಿಮ್ ಮೂರು ಕಾಲಿನ ಕೋಲಿನ ಮೇಲೆ ಬಂದೂಕು ಆನಿಸಿ ನಿಂತರು. ಮಾತಾಡಬಾರದು, ಅಲುಗಾಡಬಾರದು ಎಂದು ಮೊದಲೇ ಹೇಳಿದ್ದರು. ತಿನ್ನಬಾರದು ಎಂದು ಹೇಳಿರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಬಯಲಿನ ಅಂಚಿಗೆ ಒಂದು ಗಂಡು ಜಿಂಕೆ ಬಂದು ನಿಂತಿತು. ನಮ್ಮ ಕಡೆಯ ಜಿಂಕೆಗಿಂತ ಚಿಕ್ಕದು, ಎತ್ತರ ಹೆಚ್ಚೆಂದರೆ ಒಂದು ಮೇಕೆಯಷ್ಟು. ವಿಮ್ ಉಸಿರು ಬಿಗಿಹಿಡಿದರು. ಆತಂಕದಲ್ಲಿ ನಾನು ಜೇಬಿನಲ್ಲಿದ್ದ ಹಬ್ಬದ ಕೋಡುಬಳೆಯನ್ನು ಬಾಯಿಗೆ ಹಾಕಿಕೊಂಡು ಕಚ್ಚಿದೆ.

ಹದವಾಗಿ ಕರಿದ ಕೋಡುಬಳೆ ಎಷ್ಟು ದೂರ ಕೇಳಿಸುತ್ತದೆ ಎಂಬುದು ಅಂದು ಗೊತ್ತಾಯಿತು. ಜಿಂಕೆ ಎರಡೇ ನೆಗೆತಕ್ಕೆ ಮಾಯವಾಯಿತು.

ವಿಮ್ ನಿಧಾನವಾಗಿ ತಿರುಗಿದರು. "ಏನದು?"

"ಕೋಡುಬಳೆ."

ಅವರು ಕೈ ಚಾಚಿದರು. ಕೊಟ್ಟೆ. ತಿನ್ನಲಿಲ್ಲ, ತಮ್ಮ ಜೇಬಿಗೆ ಹಾಕಿಕೊಂಡರು. ಉಳಿದದ್ದನ್ನೂ ಕೇಳಿ ಇಸಿದುಕೊಂಡರು.

ಎರಡೂವರೆ ಗಂಟೆ ಕಾದ ಮೇಲೆ ಇನ್ನೊಂದು ಬಂತು. ಒಂದೇ ಗುಂಡು, ಅದು ನಿಂತಲ್ಲೇ ಕುಸಿಯಿತು. ನಾವು ಹತ್ತಿರ ಹೋದಾಗ ವಿಮ್ ಟೋಪಿ ತೆಗೆದು, ಪಕ್ಕದ ಓಕ್ ಮರದಿಂದ ಒಂದು ಹಸಿರು ಕಡ್ಡಿ ಮುರಿದು, ಅದನ್ನು ಜಿಂಕೆಯ ಬಾಯಿಗಿಡುವಂತೆ ನನಗೆ ಹೇಳಿದರು. ಅದರ ಕೊನೆಯ ತುತ್ತು ಅಂತೆ. ನಾನೂ ಟೋಪಿ ತೆಗೆದೆ. ಒಂದು ನಿಮಿಷ ಇಬ್ಬರೂ ಸುಮ್ಮನೆ ನಿಂತೆವು. ಆ ಬೆಳಗ್ಗೆ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ.

ಇಲ್ಲೊಂದು ವಿಷಯ ಹೇಳಬೇಕು. ವಿಮ್ ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೆ ನನಗೆ ಡಚ್ ಭಾಷೆಯ ಪರೀಕ್ಷೆ ಹತ್ತಿರ ಬರುತ್ತಿದ್ದುದರಿಂದ, "ನನ್ನ ಜೊತೆ ಡಚ್ಚಿನಲ್ಲೇ ಮಾತಾಡಿ, ಎಷ್ಟೇ ಕಷ್ಟವಾದರೂ ಇಂಗ್ಲಿಷಿಗೆ ಇಳಿಯಬೇಡಿ," ಎಂದು ತಿಂಗಳ ಹಿಂದೆ ನಾನೇ ಕೇಳಿಕೊಂಡಿದ್ದೆ. ಅವರು ಮಾತಿಗೆ ತಪ್ಪದ ಮನುಷ್ಯ.

ಮೊಣಕೈವರೆಗಿನ ಗ್ಲೌಸ್ ತೊಟ್ಟು ಮಂಡಿಯೂರಿ ಕುಳಿತೆ. ವಿಮ್ ಕೋಲೂರಿಕೊಂಡು ಮೇಲಿನಿಂದ ಹೇಳುತ್ತಾ ಹೋದರು, ನಾನು ಅವರ ಮಾತಿಗಿಂತ ಕೈಸನ್ನೆಯನ್ನೇ ನೋಡುತ್ತಾ ಹೋದೆ. ಮೊದಲು ಚರ್ಮ ಮಾತ್ರ ಕೊಯ್ಯಬೇಕು. ಆಮೇಲೆ ಎರಡು ಬೆರಳನ್ನು ಕವೆಯಂತೆ ಒಳಗಿಟ್ಟು, ಅವುಗಳ ನಡುವೆ ಚಾಕುವಿನ ಬಾಯಿ ಮೇಲೆ ಮಾಡಿ ಸೀಳುತ್ತಾ ಹೋಗಬೇಕು. ಹಾಗೆ ಮಾಡಿದರೆ ಒಳಗಿನ ಹೊಟ್ಟೆಚೀಲಕ್ಕೆ ತೂತು ಬೀಳುವುದಿಲ್ಲ. ಕಣ್ಣು ಅರ್ಧ ಮುಚ್ಚಿಕೊಂಡೇ ಇಷ್ಟನ್ನೂ ಮಾಡಿದೆ. ತೂತು ಬೀಳಲಿಲ್ಲ. "ಖುತ್, ಖುತ್," ಎಂದರು ವಿಮ್. ಚೆನ್ನಾಗಿದೆ ಎಂದರ್ಥ.

ನನ್ನನ್ನು ಕೆಡಿಸಿದ್ದು ಈ ಹೊಗಳಿಕೆ. ಇಷ್ಟು ಸುಲಭವಾದರೆ ನಮ್ಮ ಕಡೆಯ ಒಂದು ಸೂಕ್ಷ್ಮವನ್ನೂ ತೋರಿಸಿಬಿಡೋಣ ಎನ್ನಿಸಿತು. ಮಾಂಸದಡುಗೆಯ ಮನೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತಿರುವ ಒಂದು ಮಾತಿದೆ: ಪಿತ್ತ ಒಡೆಯಬಾರದು. ಒಡೆದರೆ ಮಾಂಸವೆಲ್ಲ ಕಹಿ. ಆದ್ದರಿಂದ ಮೊದಲು ಪಿತ್ತಕೋಶವನ್ನು ಹುಷಾರಾಗಿ ತೆಗೆದಿಡಬೇಕು. ಡಚ್ಚಿನಲ್ಲಿ ಅದಕ್ಕೇನೆನ್ನುತ್ತಾರೋ ತಿಳಿಯದೆ, "ಹಸಿರು ಚೀಲ ಬೇಕು. ಹಸಿರು ಚೀಲ ಬಹಳ ಮುಖ್ಯ," ಎಂದೆ.

ವಿಮ್ ನನ್ನನ್ನು ನೋಡಿದರು, ಜಿಂಕೆಯನ್ನು ನೋಡಿದರು. ತಲೆಯಾಡಿಸಿ, ಕೋಲೂರಿಕೊಂಡು, ಇನ್ನೂರು ಮೀಟರ್ ದೂರದ ಕಾರಿನ ಕಡೆ ಕುಂಟುತ್ತಾ ಹೊರಟರು.

ಎಲ್ಲಿಗೆ ಹೋದರೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪಿತ್ತಕೋಶ ಹುಡುಕುತ್ತಿದ್ದೆ. ಯಕೃತ್ತಿನ ಮೇಲೆ ನೋಡಿದೆ, ಕೆಳಗೆ ನೋಡಿದೆ, ಹಿಂದೆ ತಡಕಿದೆ. ಇಲ್ಲ. ವಿಮ್ ಬೆವರುತ್ತಾ ಮರಳಿ ಬಂದು, ಹಸಿ ಕಸ ತುಂಬುವ ಒಂದು ಹಸಿರು ಪ್ಲಾಸ್ಟಿಕ್ ಚೀಲವನ್ನು ಗೌರವದಿಂದ ನನ್ನ ಕೈಗಿತ್ತರು.

ಬೇರೆ ದಾರಿಯಿರಲಿಲ್ಲ. ಕೈ ಕೆಂಪಾಗಿದ್ದರಿಂದ, ವಿಮ್ ಹಿಡಿದ ಫೋನನ್ನು ಮೂಗಿನಿಂದ ಒತ್ತಿ ಶೈಲಾಗೆ ವಿಡಿಯೋ ಕಾಲ್ ಮಾಡಿದೆ. ಅವಳು ರೇಷ್ಮೆ ಸೀರೆಯುಟ್ಟು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು.

"ಎಲ್ಲಿಗೆ ಬಂತು?"

"ಎಲ್ಲಾ ಮುಗೀತಾ ಬಂತು. ಪಿತ್ತಕೋಶ ಒಂದು ಸಿಗ್ತಿಲ್ಲ."

ಲಟ್ಟಣಿಗೆ ನಿಂತಿತು. "ಎಷ್ಟೊತ್ತಿಂದ ಹುಡುಕ್ತಿದೀಯ?"

"ಇಪ್ಪತ್ತು ನಿಮಿಷ."

"ಸತೀಶ, ಜಿಂಕೆಗೆ ಪಿತ್ತಕೋಶ ಇರಲ್ಲ."

"ಈ ಜಿಂಕೆಗಾ?"

"ಯಾವ ಜಿಂಕೆಗೂ."

ಅಷ್ಟರಲ್ಲಿ ತೆರೆಯ ಅಂಚಿನಲ್ಲಿ ಪದ್ಮಾ ಆಂಟಿಯ ಮುಖ ಕಾಣಿಸಿತು. ಅವರು ದ ಹೇಗ್‌ನಲ್ಲಿರುವ ಹಿರಿಯರು. ಪ್ರತಿ ವರ್ಷ ನಮ್ಮ ಮನೆಯ ಕಲಶಕ್ಕೆ ಸೀರೆ ಉಡಿಸುವವರು ಅವರೇ. ಅದಕ್ಕೆಂದೇ ಬೇಗ ಬಂದಿದ್ದರು.

"ಯಾರಮ್ಮ ಶೈಲಾ ಅದು? ಸತೀಶನಾ? ಏನದು ಅವನ ಕೈಲಿ?"

"ಆಫೀಸ್ ಕಾಲ್ ಆಂಟಿ," ಎಂದು ಶೈಲಾ ಫೋನನ್ನು ಸರಕ್ಕನೆ ಗೋಡೆಗೆ ತಿರುಗಿಸಿ, ದನಿ ತಗ್ಗಿಸಿದಳು. "ನೋಡು, ತಡ ಮಾಡಿದಷ್ಟೂ ಮಾಂಸ ಕೆಡುತ್ತೆ. ಹೊಟ್ಟೆ, ಕರುಳು ಎಲ್ಲಾ ಒಟ್ಟಿಗೆ ಹಿಡ್ಕೊಂಡು ನಿಧಾನಕ್ಕೆ ಎಳಿ. ಆದ್ರೆ ಹಿಂದ್ಗಡೆ ಕಾಲ್ಗಳ ಮಧ್ಯೆ ಇರೋದು ಮಾತ್ರ..."

ಕಾಡಿನ ನೆಟ್‌ವರ್ಕು ಅಲ್ಲಿಗೆ ಹೋಯಿತು.

ಎಳೆದೆ. ಮುಕ್ಕಾಲು ಪಾಲು ಸಲೀಸಾಗಿ ಬಂತು. ಹಿಂದುಗಡೆ ಏನೋ ಸಿಕ್ಕಿಹಾಕಿಕೊಂಡಿತ್ತು. ಮೆತ್ತಗಿದೆ, ದುಂಡಗಿದೆ, ನೀರು ತುಂಬಿದ ಬಲೂನಿನ ಹಾಗಿದೆ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಬ್ಲಾಸ್," ಎಂದರು ವಿಮ್.

ಈ ಶಬ್ದ ನನಗೆ ಗೊತ್ತಿತ್ತು. ಡಾಕ್ಟರು ನನ್ನ ಬಾಯಿಗೆ ಕೊಳವೆಯಿಟ್ಟು 'ಬ್ಲಾಸ್' ಎಂದಿದ್ದರು. ಆಫೀಸಿನಲ್ಲಿ ನನ್ನ ಹುಟ್ಟುಹಬ್ಬದ ದಿನ ಮೇಣದಬತ್ತಿಯ ಮುಂದೆ ಎಲ್ಲರೂ 'ಬ್ಲಾಸ್' ಎಂದಿದ್ದರು. ಊದು ಎಂದರ್ಥ. ಯಾಕೆ ಊದಬೇಕೋ ತಿಳಿಯಲಿಲ್ಲ. ಬಿಸಿಯಾಗಿದೆಯಲ್ಲ, ಆರಲೆಂದಿರಬೇಕು. ಬಗ್ಗಿ ಮೆಲ್ಲಗೆ ಊದಿದೆ.

"ಬ್ಲಾಸ್, ಸತೀಶ್, ಬ್ಲಾಸ್," ಎಂದು ವಿಮ್ ದನಿಯೇರಿಸಿದರು.

ಸಾಲದು ಅಂತ ಕಾಣುತ್ತದೆ. ಇನ್ನಷ್ಟು ಹತ್ತಿರಕ್ಕೆ ಮುಖವೊಯ್ದು ಜೋರಾಗಿ ಊದಿದೆ. ವಿಮ್ ಕೋಲನ್ನು ನೆಲಕ್ಕೆ ಕುಟ್ಟಿ ಅದೇ ಶಬ್ದವನ್ನು ಕೂಗಿದರು. ನಾನು ಪುಪ್ಪುಸ ತುಂಬ ಗಾಳಿ ಎಳೆದುಕೊಂಡು, ಪ್ರಾಣವನ್ನೆಲ್ಲ ಒಟ್ಟುಗೂಡಿಸಿ ಊದಿದೆ. ಅಷ್ಟು ಬಲ ಹಾಕುವಾಗ ಮುಷ್ಟಿಯೂ ಬಿಗಿಯಾಗುತ್ತದೆ ಎಂಬುದು ಮನುಷ್ಯ ಶರೀರದ ಧರ್ಮ.

ಅದು ಒಡೆಯಿತು. ಊದಿದವನು ಮತ್ತೆ ಉಸಿರೆಳೆದುಕೊಳ್ಳಲೇಬೇಕಲ್ಲ. ಬಾಯಿ ತೆರೆದಿತ್ತು ಎಂದಷ್ಟೇ ಹೇಳಿ ಈ ಭಾಗವನ್ನು ಮುಗಿಸುತ್ತೇನೆ.

ನಾನು ಉಗಿದು, ಕೆಮ್ಮಿ, ಹುಲ್ಲಿಗೆ ಮುಖ ಉಜ್ಜಿ ಎದ್ದಾಗ ವಿಮ್ ತಮ್ಮ ಬೆಲ್ಟಿನ ಕೆಳಗೆ ಬೆರಳಿಟ್ಟು ತೋರಿಸಿ, ದುಃಖದಿಂದ ಹೇಳಿದರು, "ಬ್ಲಾಸ್." ಆ ಭಾಷೆಯಲ್ಲಿ ಮೂತ್ರಕೋಶಕ್ಕೂ ಅದೇ ಶಬ್ದವಂತೆ.

ಕ್ಯಾನಿನಲ್ಲಿದ್ದ ನೀರನ್ನೆಲ್ಲ ಜಿಂಕೆಗೆ ಸುರಿದರು, ನನಗೆ ಉಳಿಯಲಿಲ್ಲ. ಮೂತ್ರ ತಾಗಿದ ಭಾಗವನ್ನೆಲ್ಲ ನನ್ನಿಂದಲೇ ಕೊಯ್ದು ತೆಗೆಸಿದರು. ಬೆನ್ನೆಲುಬಿನ ಒಳಬದಿಯ ಎರಡು ಎಳೆಯ ತುಂಡುಗಳೂ ಹೋದವು. ಅವನ್ನು ಹಸಿರು ಚೀಲಕ್ಕೆ ಹಾಕುವಾಗ ವಿಮ್ ಚೀಲದ ಬಾಯಿ ಹಿಡಿದುಕೊಂಡರು. ಆಮೇಲೆ ಮೊದಲ ಸಲ ಇಂಗ್ಲಿಷಿನಲ್ಲಿ ಹೇಳಿದರು, "ಅದು ನನ್ನ ಹೆಂಡತಿಯ ಪಾಲು. ಮೂವತ್ತು ವರ್ಷದಿಂದ ಅವಳಿಗೇ ಬಡಿಸ್ತಿದ್ದೆ."

"ಕ್ಷಮಿಸಿ," ಎಂದೆ. ನಿಜಕ್ಕೂ ಅಳು ಬರುವಂತಾಯಿತು. ಒಂದು ಪ್ರಾಣಿಯ ಜೀವ, ಒಬ್ಬ ಒಳ್ಳೆಯ ಮನುಷ್ಯನ ಎಪ್ಪತ್ತನೆಯ ಹುಟ್ಟುಹಬ್ಬ, ಎರಡರ ನಡುವೆ ನನ್ನ ಬಡಾಯಿ.

"ಪರವಾಗಿಲ್ಲ. ಈ ಸಲ ಅವಳಿಗೆ ತೊಡೆಯಿಂದ ಒಳ್ಳೇ ತುಂಡು ಕೊಡ್ತೀನಿ," ಎಂದು ಬೆನ್ನು ತಟ್ಟಲು ಕೈಯೆತ್ತಿದವರು, ನನ್ನ ಅಂಗಿಯನ್ನು ನೋಡಿ ಕೈ ಹಿಂದೆಗೆದುಕೊಂಡರು.

ಕಾರಿನಲ್ಲಿ ಜಿಂಕೆಯನ್ನು ಹಿಂದಿನ ಟ್ರೇಯಲ್ಲಿ ಬಟ್ಟೆ ಹೊದಿಸಿ ಮಲಗಿಸಿದೆವು. ನನ್ನನ್ನು ಕುತ್ತಿಗೆಯವರೆಗೆ ಕಸದ ಚೀಲದಲ್ಲಿಳಿಸಿ ಸೀಟಿನಲ್ಲಿಟ್ಟರು. ಗಂಡು ಜಿಂಕೆಯ ಮೂತ್ರದ ವಾಸನೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ನಾಲ್ಕೂ ಕಿಟಕಿ ತೆರೆದು ವಿಮ್ ತಲೆ ಹೊರಗೆ ಹಾಕಿಕೊಂಡೇ ಕಾರು ಓಡಿಸಿದರು.

ಮನೆ ತಲುಪಿದಾಗ ಹನ್ನೊಂದು ಹೊಡೆದಿತ್ತು. ಮುಂಬಾಗಿಲಲ್ಲಿ ಹದಿನೈದು ಜೊತೆ ಚಪ್ಪಲಿ. ಹಿತ್ತಿಲ ಗೇಟಿನಿಂದ ನುಸುಳಿದೆ. ಶೈಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. ಹಸುವಿನ ಸಗಣಿಗೂ ಮುಖ ಸಿಂಡರಿಸದವಳು.

"ಒಳಗೆ ಬರಬೇಡ. ಅಲ್ಲೇ ಬಿಚ್ಚು."

"ಇಲ್ಲೇನಾ?"

"ಇಲ್ಲೇ."

ಗಿಡಕ್ಕೆ ನೀರು ಬಿಡುವ ಪೈಪನ್ನು ನನ್ನ ಮೇಲೆ ತಿರುಗಿಸಿದಳು. ಆಗಸ್ಟಾದರೂ ಇಲ್ಲಿಯ ನಲ್ಲಿ ನೀರು ಮಂಜುಗಡ್ಡೆಯ ಹತ್ತಿರದ ಸಂಬಂಧಿ. ಪಟ್ಟೆ ಚಡ್ಡಿಯೊಂದನ್ನೇ ತೊಟ್ಟು ಕುಣಿಯುತ್ತಾ ಕಣ್ಣು ಬಿಟ್ಟಾಗ, ಅಡುಗೆಮನೆಯ ಕಿಟಕಿಯಲ್ಲಿ ರೇಷ್ಮೆ ಸೀರೆಗಳು ಸಾಲಾಗಿ ನಿಂತಿದ್ದವು.

"ಹಬ್ಬಕ್ಕೆ ಎಣ್ಣೆಸ್ನಾನ ಕೇಳಿದ್ದೆ," ಎಂದರು ಪದ್ಮಾ ಆಂಟಿ. "ಇದ್ಯಾವ ಸಂಪ್ರದಾಯನಪ್ಪಾ?"

ಮೂರು ಸಲ ಸೋಪು ಹಚ್ಚಿಕೊಂಡು, ಪಂಚೆಯುಟ್ಟು ಮಂಗಳಾರತಿಗೆ ಬಂದು ನಿಂತೆ. ಕೋಣೆ ತುಂಬಿ ತುಳುಕುತ್ತಿತ್ತು. ನನ್ನ ಸುತ್ತ ಮಾತ್ರ ಒಂದು ಮಾರು ಜಾಗ ಖಾಲಿಯಿತ್ತು. "ಕರ್ಪೂರ ಇನ್ನೊಂದು ಸ್ವಲ್ಪ ಹಾಕಮ್ಮ," ಎಂದರು ಯಾರೋ.

ಸೆಪ್ಟೆಂಬರಿನ ಊಟಕ್ಕೆ ಕೊರತೆಯಾಗಲಿಲ್ಲ. ವಿಮ್ ನಮಗೂ ಒಂದು ಡಬ್ಬಿ ತಂದುಕೊಟ್ಟರು. ಬಹಳ ರುಚಿಯಾಗಿತ್ತು. ಡಚ್ ಪರೀಕ್ಷೆಯಲ್ಲಿ ಫೇಲಾದೆ, ಆದರೆ ಅದಕ್ಕೆ ಜಿಂಕೆ ಕಾರಣವಲ್ಲ.

ಚಳಿಗಾಲದಲ್ಲಿ ಹೆಣ್ಣು ಜಿಂಕೆಗಳ ಸರದಿ ಬಂದಾಗ ವಿಮ್ ಬೆಲ್ ಮಾಡಿದರು. ನಾನು ಪಶ್ಚಾತ್ತಾಪದಿಂದ ಬೂಟು ಹುಡುಕತೊಡಗಿದೆ.

"ಶೈಲಾ ಇದ್ದಾಳಾ?" ಎಂದರು.

ಶೈಲಾ ಜಾಕೆಟ್ ಹಾಕಿಕೊಂಡು ಹೊರಟೇಬಿಟ್ಟಳು. ತಿನ್ನುವುದಿಲ್ಲ ಅಷ್ಟೇ, ಕುಯ್ಯಲು ಏನಡ್ಡಿ ಎಂದಳು. ಎರಡು ಗಂಟೆಯ ನಂತರ ಮರಳಿದಳು. ತೋಳಿನ ಮೇಲೆ ಒಂದು ಕಲೆಯಿಲ್ಲ, ಕೂದಲು ಕೆದರಿಲ್ಲ. ಹನ್ನೆರಡು ನಿಮಿಷದಲ್ಲಿ ಮುಗಿಯಿತಂತೆ, ವಿಮ್ ಮತ್ತೆ ಟೋಪಿ ತೆಗೆದರಂತೆ, ಈ ಸಲ ಅವಳಿಗೆ.

ಅಷ್ಟರಲ್ಲಿ ನಾನು ಮನೆಯಲ್ಲಿ ಅವಳಿಗೆಂದು ಬೆಂಡೆಕಾಯಿ ಹೆಚ್ಚಲು ಹೋಗಿ ಹೆಬ್ಬೆರಳು ಕುಯ್ದುಕೊಂಡಿದ್ದೆ. ರಕ್ತ ನೋಡಿ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಅವಳು ಪಕ್ಕದಲ್ಲಿ ಕುಳಿತು, ಔಷಧಿ ಹಚ್ಚಿ, ಬಟ್ಟೆ ಸುತ್ತತೊಡಗಿದಳು.

"ಅಲ್ಲಾಡಬೇಡ," ಎಂದಳು.

ಹಸುಗಳಿಗೂ ಅವಳು ಹೇಳುವುದು ಅದನ್ನೇ. ಹಸುಗಳು ಕೇಳುತ್ತವಂತೆ.