ದೋಣಿಗೊಂದು ಬಚ್ಚಲ ತೂತು

ನನ್ನ ಹೆಂಡತಿ ಶೈಲಜಾಗೆ ದೋಣಿಗಳ ಮೇಲೆ ದ್ವೇಷವಿಲ್ಲ. ಇದೊಂದು ನಮ್ಮದು ಎಂಬುದಷ್ಟೇ ಅವಳ ತಕರಾರು. ಆನೆಗೊಂದಿಯ ದಡದಲ್ಲಿ ಕಟ್ಟಿರುವ ಈ ಹಳೆಯ ಮೋಟಾರು ದೋಣಿಯನ್ನು ನಾನು ಕೊಂಡಾಗಿನಿಂದ ಅವಳು ಹತ್ತಿದ್ದು ಒಂದೇ ಸಲ. ಹೊಗೆ, ಬಿಸಿಲು, ಬೆವರು ಮೂರನ್ನೂ ಮೈಗೆ ಬಳಿದುಕೊಂಡು ಇಳಿದವಳು, ತಂದ ಬುತ್ತಿಯನ್ನು ಬಿಚ್ಚದೆ ಗಂಗಾವತಿಯ ಮನೆಗೆ ವಾಪಸು ಒಯ್ದಳು.

"ಮೈ ತೊಳಕೊಳ್ಳದ ನಾ ರೊಟ್ಟಿ ಮುಟ್ಟಂಗಿಲ್ರಿ," ಎಂದಳು.

"ಸುತ್ತ ಹೊಳಿ ಐತಲ್ಲ."

"ಹೊಳಿ ಐತಿ. ಹೊಳಿ ಸುತ್ತ ಗುಡ್ಡ ಅದಾವ. ಗುಡ್ಡದ ಮ್ಯಾಲ ಫೋನ್ ಹಿಡಕೊಂಡ ಟೂರಿಸ್ಟ್ ಅದಾರ."

ವಾದದಲ್ಲಿ ಹುರುಳಿತ್ತು. ಬೆನ್ನಿಗೇ ಅಂತಿಮ ಸೂಚನೆಯೂ ಬಂತು. ಊಟಕ್ಕೆ ಮುಂಚೆ ದೋಣಿಯಲ್ಲೇ ಮರ್ಯಾದೆಯಿಂದ ಸ್ನಾನವಾಗಬೇಕು. ಇಲ್ಲವಾದರೆ ದೋಣಿ ಅಲ್ತಾಫನಿಗೆ. ಅಲ್ತಾಫ ನಮ್ಮ ಓಣಿಯ ಬಾಳೆಹಣ್ಣಿನ ವ್ಯಾಪಾರಿ. ಹೊಳೆದಂಡೆಯ ತೋಟಗಳಿಂದ ಗೊನೆ ಸಾಗಿಸಲು ಇದು ಹೇಳಿ ಮಾಡಿಸಿದಂತಿದೆ ಎಂದು ಬಹಳ ದಿನದಿಂದ ಹೇಳುತ್ತಿದ್ದ.

ದೋಣಿಯೇ ಕೈತಪ್ಪುವ ಪ್ರಸಂಗ. ಮಜ್ಜನಗೃಹ ನಿರ್ಮಾಣಕ್ಕೆ ನಾನು ಸ್ವತಃ ಇಳಿದೆ. ಹಿಂಭಾಗದಲ್ಲಿ ಪರದೆಯ ಗೂಡು, ಮೇಲೊಂದು ನೀರಿನ ಕ್ಯಾನು, ಅದಕ್ಕೆ ಷವರು. ಉಳಿದದ್ದು ಬಚ್ಚಲ ನೀರಿನ ವಿಲೇವಾರಿ. (ಪತ್ರಿಕೆಯಲ್ಲಿ ಊರ ಚರಂಡಿಗಳ ಬಗ್ಗೆ ವರ್ಷಗಟ್ಟಲೆ ಬರೆದವನಿಗೆ ಇದ್ಯಾವ ಲೆಕ್ಕ ಎಂದುಕೊಂಡೆ. ಆ ಚರಂಡಿಗಳು ಇನ್ನೂ ಹಾಗೇ ಇವೆ ಎಂಬುದು ಆಗ ನೆನಪಾಗಲಿಲ್ಲ.)

ಶೈಲಜಾ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. "ನೋಡ್ರಿ, ಕೆಳಗ ಡಬ್ಬಿ ಇಡತಾರ. ಬಚ್ಚಲ ನೀರು ಅದರಾಗ ಬೀಳತೈತಿ. ಸಣ್ಣ ಪಂಪು ಎತ್ತಿ ಹೊರಗ ಹಾಕತೈತಿ."

"ನೀರು ಕೆಳಗ ಹರಿಯಾಕ ಮೋಟಾರು ಯಾಕ ಬೇಕು? ಮನಿ ಬಚ್ಚಲಕ್ಕ ಐತೇನು?"

"ಮನಿ ತೇಲಂಗಿಲ್ರಿ."

ನಾನು ಡ್ರಿಲ್ಲು ಕೈಗೆತ್ತಿಕೊಂಡೆ. ದೋಣಿಯ ಬಲಗೋಡೆಯಲ್ಲಿ, ಹೊಳೆಯ ನೀರಿಗಿಂತ ನಾಲ್ಕು ಬೆರಳು ಮೇಲೆ ತೂತು ಕೊರೆದೆ. ಗೂಡಿನ ನೆಲ ಎತ್ತರಿಸಿ ತೂತಿನ ಕಡೆಗೆ ಇಳಿಜಾರು ಕೊಟ್ಟೆ. ಒಬ್ಬನೇ ನಿಂತು ಸ್ನಾನ ಮಾಡಿ ನೋಡಿದೆ. ಸಬಕಾರದ ನೊರೆ ಸಾಲಾಗಿ, ಶಿಸ್ತಾಗಿ ತುಂಗಭದ್ರೆಗೆ ಇಳಿಯಿತು.

ಭಾನುವಾರ ಉದ್ಘಾಟನೆ. ನಾವಿಬ್ಬರಲ್ಲದೆ ನಮ್ಮತ್ತೆ ಶೇಖರಮ್ಮ, ಕೊಪ್ಪಳದಿಂದ ಬಂದ ಶೈಲಜಾಳ ಅಣ್ಣ ಪಂಪಾಪತಿ, ಸಾಕ್ಷಿಯಾಗಿ ಅಲ್ತಾಫ. ಅತ್ತೆ ರೊಟ್ಟಿ ಗಂಟು, ಎಣ್ಣೆಗಾಯಿಯ ಪಾತ್ರೆ, ಮೇಲೆ ಕುಡಿಯುವ ನೀರಿನ ಹಿತ್ತಾಳೆ ಕೊಡವನ್ನೂ ಹತ್ತಿಸಿದರು. ಪಂಪಾಪತಿ ದೊಡ್ಡ ಆಳು. ಅವನು ಕೂತ ಬೆಂಚಿನಲ್ಲಿ ಇನ್ನೊಬ್ಬರಿಗೆ ಎಡೆಯಿಲ್ಲ. ಎಂಜಿನ್ ನಡೆಸುವ ಆಸೆ ಎಂದ. ಪಕ್ಕದಲ್ಲಿ ನಿಂತು ಕಲಿಸಿದೆ. ಅಲ್ತಾಫ ಮಾತ್ರ ಕೂತಲ್ಲಿಂದಲೇ ಸೀಟುಗಳನ್ನು ಕಣ್ಣಲ್ಲಿ ಕಿತ್ತು ಗೊನೆ ಜೋಡಿಸುತ್ತಿದ್ದ.

ಹೊಳೆಯ ನಡುವೆ ದೋಣಿ ನಿಂತಿತು. ಶೈಲಜಾ ಪರದೆಯ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಧ್ವನಿ ಬಂತು.

"ಭಾಳ ಛಲೋ ಮಾಡೀರಿ. ಷವರು ಮ್ಯಾಲ ಐತಿ, ನೀರು ಕೆಳಗಿಂದ ಬರತೈತಿ."

"ಅಂದ್ರ?"

"ತೂತಿಗೆ ಹಿಮ್ಮಡ ಒತ್ತಿ ನಿಂತೀನಿ. ಮೈ ತುಂಬ ಸಬಕಾರ ಐತಿ. ಕಾಲು ತಗದ್ರ ಹೊಳಿ ಒಳಗ ಬರತೈತಿ, ತಗೀಲಿಲ್ಲಂದ್ರ ಬಚ್ಚಲ ತುಂಬತೈತಿ. ಯಾವುದು ಬೇಕ ಹೇಳ್ರಿ."

ಬಲಗಡೆಗೆ ಬಗ್ಗಿ ನೋಡಿದೆ. ಜನರೂ ಕೊಡವೂ ಸೇರಿ ದೋಣಿ ತಗ್ಗಿತ್ತು. ನನ್ನ ನಾಲ್ಕು ಬೆರಳು ನೀರೊಳಗಿದ್ದವು.

"ಗೊನಿಗೆ ಸ್ನಾನ ಬೇಕಾಗಂಗಿಲ್ಲ ನೋಡ್ರಿ ಸರ," ಎಂದ ಅಲ್ತಾಫ, ಮೆಲ್ಲಗೆ.

"ಈ ಕಡೆ ಯಾರು ಬಂದ್ರಿ?" ಒಳಗಿಂದ ಶೈಲಜಾ. "ಇನ್ನೂ ಜೋರಾತು."

ಎಡಕ್ಕೆ ಸರಿದೆ.

"ಈಗ ಕಮ್ಮಿ ಆತು. ತಡೀರಿ, ಗೊತ್ತಾತು. ಅಣ್ಣಾ, ನೀನೂ ಎಡಕ್ಕ ಹೋಗು. ಯವ್ವಾ, ಕೊಡ ತಗೊಂಡು ನೀನೂ. ಅಲ್ತಾಫಣ್ಣ, ತಪ್ಪು ತಿಳಕೋಬ್ಯಾಡ್ರಿ, ನೀವೂ."

ಅಲ್ತಾಫ ಪ್ರಾಮಾಣಿಕ. ತನ್ನ ನಷ್ಟಕ್ಕೆ ತಾನೇ ಎದ್ದು ಎಡಕ್ಕೆ ಬಂದ. ದೋಣಿಯ ಎಡ ಅಂಚಿನಲ್ಲಿ ಎಲ್ಲರೂ ಒತ್ತಾಗಿ ಕೂತೆವು. ದೋಣಿ ವಾಲಿತು, ತೂತು ನೀರಿನಿಂದ ಎದ್ದಿತು, ನೊರೆ ಹೊರಗೆ ಹರಿಯಿತು. ಸ್ನಾನ ಮುಗಿಯುವವರೆಗೂ ಅತ್ತೆಯವರು ಕೊಡವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಶೈಲಜಾ ತಲೆಗೆ ಟವೆಲ್ ಸುತ್ತಿ ಬಂದು ಹೊಟ್ಟೆ ತುಂಬ ಉಂಡಳು. ಗುಡ್ಡಗಳನ್ನು ನೋಡಿ, "ತಂಪ ಐತಿ," ಎಂದಳು. ಅಲ್ತಾಫ ಎಣ್ಣೆಗಾಯಿ ಮತ್ತೊಮ್ಮೆ ಬಡಿಸಿಕೊಂಡು ಗೊನೆಯ ಮಾತನ್ನೇ ಕೈಬಿಟ್ಟ. ದೋಣಿ ಉಳಿಯಿತು.

ಮುಂದಿನ ಭಾನುವಾರ ಅವಳೇ ಎಲ್ಲರನ್ನೂ ಹೊರಡಿಸಿದಳು. ಎಲ್ಲರೂ ಹತ್ತಿ ಕೂತ ಮೇಲೆ ಬಲಕ್ಕೆ ಬಗ್ಗಿ ತೂತು ನೋಡಿದಳು. ಮುಳುಗಿತ್ತು.

"ಪ್ರತಿ ಸಲ ವಾಲಿಕೊಂಡು ಕೂಡೂದು ಆಗಂಗಿಲ್ಲ. ಒಬ್ರು ಇಳಿದ್ರ ಸಾಕು," ಎಂದಳು.

ಅತ್ತೆ ಹಿರಿಯರು. ಅಲ್ತಾಫ ಅತಿಥಿ. ಪಂಪಾಪತಿಗೆ ಈಗ ಎಂಜಿನ್ ಬರುತ್ತದೆ. ಹೀಗೆ ಒಬ್ಬೊಬ್ಬರನ್ನೇ ದಾಟಿ ಅವಳ ಕಣ್ಣು ನನ್ನ ಮೇಲೆ ನಿಂತಿತು.

ಇಳಿದೆ. ಅತ್ತೆಯವರು ನನ್ನ ಪಾಲಿನ ರೊಟ್ಟಿಯನ್ನು ದಡದ ಕಲ್ಲಿನ ಮೇಲೆ ಇಟ್ಟುಕೊಟ್ಟರು. (ಅಷ್ಟು ಭಾರ ಕಡಿಮೆಯಾಯಿತು.)

"ಪಂಪು ತರತೀನಿ," ಎಂದೆ ದಡದಿಂದ. "ಡಬ್ಬಿನೂ ತರತೀನಿ. ನಾಳೇನ ಹಚ್ಚತೀನಿ."

ಶೈಲಜಾ ಟವೆಲನ್ನು ಹೆಗಲಿಗೆ ಹಾಕಿಕೊಂಡಳು.

"ನೀರು ಕೆಳಗ ಹರಿಯಾಕ ಮೋಟಾರು ಯಾಕ ಬೇಕ್ರಿ?"

ಪಂಪಾಪತಿ ನಾನು ಕಲಿಸಿದಂತೆಯೇ ಒಂದೇ ಎಳೆತಕ್ಕೆ ಎಂಜಿನ್ ಚಾಲೂ ಮಾಡಿದ. ದೋಣಿ ತಿರುಗುವಾಗ ಅದರ ಬಲಗೋಡೆ ನನ್ನ ಕಡೆಗೆ ಬಂತು. ತೂತು ನೀರಿನಿಂದ ಒಂದು ಬೆರಳು ಮೇಲೆ, ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು.